ವಿಶ್ವ, ವಿಜ್ಞಾನ ಮತ್ತು ಅರಿವು

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಇಂದಿನ ಗೋಷ್ಠಿಗೆ ಪೂಜ್ಯರು ಸೂಚಿಸಿದ ವಿಷಯ ‘ಆಧುನಿಕ ಭೌತವಿಜ್ಞಾನ ಮತ್ತು ಅರಿವು’. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿಕೊಂಡು ಬಂದವನು. ಮನೆಯಲ್ಲಿ ದಿನವೂ ಇಷ್ಟಲಿಂಗ ಪೂಜೆ ಮಾಡಿಕೊಳ್ಳುವವನು. ಇದು ಗೊತ್ತಿರುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. “ಶರಣರು 12ನೆಯ ಶತಮಾನದಲ್ಲಿ ಹೇಳಿದ್ದನ್ನೇ ಇವತ್ತು ವಿಜ್ಞಾನಿಗಳು ಕಂಡುಹಿಡಿಯುತ್ತಿದ್ದಾರಂತಲ್ಲ, ಹೌದೇನು ಸರ್?” ತುಂಬಾ ಪ್ರೀತಿಯಿಂದ ಕೇಳುತ್ತಾರೆ. ಹೌದು ಎಂದುಬಿಟ್ಟರೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಎಲ್ಲರೂ ಸಂತೋಷವಾಗಿ ಪ್ರಸಾದಕ್ಕೆ ಏಳುತ್ತಾರೆ. ಆದರೆ ನಾನು ಹೌದು ಎನ್ನುವುದಿಲ್ಲ. ಹಾಗೆನ್ನುವುದರಿಂದ ವಿಜ್ಞಾನಕ್ಕೂ ಹಾನಿ, ಶರಣರಿಗೂ ಹಾನಿ ಎಂದು ನನ್ನ ತಿಳಿವಳಿಕೆ. ಅದು ಏಕೆಂದು ಇವತ್ತು ತಮ್ಮ ಮುಂದೆ ಬಿಚ್ಚಿ ಹೇಳಬೇಕೆಂದು ಬಂದಿದ್ದೇನೆ.

ಮೊದಲು ವಿಜ್ಞಾನ ಏನನ್ನು ಕಂಡಿದೆ ಎಂಬುದನ್ನು ನೋಡೋಣ. ಸೂರ್ಯನಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷಕ್ಕೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ನಮ್ಮ ಆಕಾಶಗಂಗೆಯ ದೊಡ್ಡ ನೆರೆಯಾದ ಆಂಡ್ರೊಮಿಡಾ ಗೆಲಾಕ್ಸಿಯಿಂದ ಬರುವ ಬೆಳಕಿಗೆ ಸುಮಾರು 25 ಲಕ್ಷ ವರ್ಷ ಬೇಕು. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಊರಾಚೆ ಹೊಲದಲ್ಲಿ ನಿಂತು ನೋಡಿದರೆ ಅದು ಬರಿಗಣ್ಣಿಗೇ ಮಸುಕು ಮಚ್ಚೆಯಂತೆ ಕಾಣುತ್ತದೆ. ಅಲ್ಲಿಂದ ಆ ಬೆಳಕು ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಮಕ್ಕಳು ಹತ್ತಿ ಆಡುವ ಬಂಡೆ ಇದೆಯಲ್ಲ, ಅದರ ವಯಸ್ಸೇ ಸುಮಾರು 300 ಕೋಟಿ ವರ್ಷ.

ಇಷ್ಟು ದೊಡ್ಡ ವಿಶ್ವ ಒಂದು ಕಾಲದಲ್ಲಿ ಅತಿ ಸಾಂದ್ರವಾಗಿ, ಅತಿ ಬಿಸಿಯಾಗಿ ಇತ್ತು, ಅಲ್ಲಿಂದ ಹಿಗ್ಗುತ್ತಾ ಬಂದಿದೆ ಎಂಬ ವಿಚಾರವನ್ನು ಇಂದು ಹೈಸ್ಕೂಲಿನ ಮಕ್ಕಳೂ ಬಲ್ಲರು. ಈ ವಿಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಕ್ರೈಸ್ತ ಪಾದ್ರಿ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅವರ ಹೆಸರು ಜಾರ್ಜ್ ಲಮೇತ್ರ್. 1894ರಲ್ಲಿ ಬೆಲ್ಜಿಯಂ ದೇಶದಲ್ಲಿ ಹುಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು. 1923ರಲ್ಲಿ ಪಾದ್ರಿ ದೀಕ್ಷೆ ಪಡೆದರು. 1927ರಲ್ಲಿ, ಐನ್‌ಸ್ಟೈನರ ಸಮೀಕರಣಗಳನ್ನೇ ಹಿಡಿದುಕೊಂಡು, ವಿಶ್ವ ಹಿಗ್ಗುತ್ತಿದೆ ಎಂದು ಲೆಕ್ಕ ಮಾಡಿ ತೋರಿಸಿದರು. ಐನ್‌ಸ್ಟೈನರು ಆಗ ಅದನ್ನು ಒಪ್ಪಲಿಲ್ಲ. ಎರಡು ವರ್ಷದ ಮೇಲೆ, 1929ರಲ್ಲಿ, ಅಮೆರಿಕದ ಎಡ್ವಿನ್ ಹಬಲ್ ಗೆಲಾಕ್ಸಿಗಳ ದೂರ ಮತ್ತು ವೇಗಗಳ ಸಂಬಂಧವನ್ನು ಪ್ರಕಟಿಸಿದ ಮೇಲೆ ವಿಜ್ಞಾನಿಗಳ ಲೋಕ ಈ ಕಡೆ ತಿರುಗಿತು. 1931ರಲ್ಲಿ ಲಮೇತ್ರ್ ಇನ್ನೂ ಮುಂದೆ ಹೋಗಿ, ಹಿಗ್ಗುತ್ತಿರುವುದನ್ನು ಹಿಂದಕ್ಕೆ ಓಡಿಸಿ ನೋಡಿದರೆ ಎಲ್ಲವೂ ಒಂದು ಆದಿ ಪರಮಾಣುವಿನಿಂದ ಹೊರಟಿರಬೇಕು ಎಂದು ಸೂಚಿಸಿದರು.

ಈಗ ತಾವು ಗಮನಿಸಬೇಕಾದ ಘಟನೆಗೆ ಬರುತ್ತೇನೆ. 1951ರ ನವೆಂಬರಿನಲ್ಲಿ ರೋಮಿನಲ್ಲಿ ಆಗಿನ ಪೋಪ್ 12ನೆಯ ಪಿಯಸ್ ವಿಜ್ಞಾನಿಗಳ ಸಭೆಯನ್ನು ಉದ್ದೇಶಿಸಿ ಮಾತಾಡಿದರು. ವಿಶ್ವಕ್ಕೆ ಒಂದು ಆರಂಭವಿತ್ತು ಎಂದು ವಿಜ್ಞಾನವೇ ಹೇಳುತ್ತಿದೆ, ಅಂದಮೇಲೆ ಸೃಷ್ಟಿಕರ್ತನ ಕುರಿತ ನಮ್ಮ ಧರ್ಮಗ್ರಂಥದ ಮಾತಿಗೆ ಅದು ಸಾಕ್ಷಿ ನುಡಿಯುತ್ತಿದೆ ಎಂಬುದು ಆ ಭಾಷಣದ ಧಾಟಿ. ತಮ್ಮದೇ ಧರ್ಮದ ಅತ್ಯುನ್ನತ ಪೀಠ ತಮ್ಮದೇ ಸಿದ್ಧಾಂತವನ್ನು ಎತ್ತಿ ಹಿಡಿಯಿತು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗಿಹೋಗುತ್ತಿದ್ದರು. ಲಮೇತ್ರ್ ಹಿಗ್ಗಲಿಲ್ಲ, ಕಳವಳಪಟ್ಟರು. ತಮ್ಮ ಸಿದ್ಧಾಂತಕ್ಕೂ ಧರ್ಮದ ಪ್ರಶ್ನೆಗಳಿಗೂ ಸಂಬಂಧವಿಲ್ಲ, ಅದನ್ನು ಆಸ್ತಿಕನೂ ಒಪ್ಪಬಹುದು ನಾಸ್ತಿಕನೂ ಒಪ್ಪಬಹುದು ಎಂಬುದು ಅವರ ಖಚಿತ ನಿಲುವಾಗಿತ್ತು. ಮರು ವರ್ಷ ರೋಮಿನಲ್ಲಿ ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಪೋಪ್ ಮತ್ತೆ ಮಾತಾಡಿದರು. ಆಗ ಆ ಹೋಲಿಕೆಯನ್ನು ಎತ್ತಲಿಲ್ಲ.

ಲಮೇತ್ರ್ ಏಕೆ ಹಾಗೆ ನಡೆದುಕೊಂಡರು? ಅವರಿಗೆ ಭಕ್ತಿ ಕಡಿಮೆ ಇತ್ತೇ? ಇಲ್ಲ. ಸಾಯುವ ತನಕ ಅವರು ಪಾದ್ರಿಯಾಗಿಯೇ ಇದ್ದರು. ಅವರಿಗೆ ಗೊತ್ತಿದ್ದ ವಿಷಯ ಇಷ್ಟು: ವಿಜ್ಞಾನದ ಸಿದ್ಧಾಂತ ಇವತ್ತು ನಿಲ್ಲುತ್ತದೆ, ನಾಳೆ ಬೀಳಬಹುದು. ಹೊಸ ಪುರಾವೆ ಬಂದರೆ ಹಳೆಯದನ್ನು ಬಿಡುವುದೇ ವಿಜ್ಞಾನದ ಧರ್ಮ. ಅಂಥದಕ್ಕೆ ದೇವರನ್ನು ಕಟ್ಟಿಹಾಕಿದರೆ, ಸಿದ್ಧಾಂತ ಬಿದ್ದ ದಿನ ದೇವರೂ ಬೀಳಬೇಕಾಗುತ್ತದೆ. ಅದೇ ಕಾಲದಲ್ಲಿ ಫ್ರೆಡ್ ಹಾಯ್ಲ್ ಮತ್ತು ಸಂಗಡಿಗರು 1948ರಲ್ಲಿ ಮಂಡಿಸಿದ ಇನ್ನೊಂದು ಸಿದ್ಧಾಂತವಿತ್ತು. ವಿಶ್ವಕ್ಕೆ ಆದಿಯೂ ಇಲ್ಲ ಅಂತ್ಯವೂ ಇಲ್ಲ, ಅದು ಸದಾ ಹೀಗೆಯೇ ಇದೆ ಎಂಬುದು ಅವರ ವಾದ. ‘ನಮ್ಮ ಶಾಸ್ತ್ರವೂ ಅನಾದಿ ಎನ್ನುತ್ತದೆ’ ಎಂದು ಯಾರಾದರೂ ಆಗ ಅದಕ್ಕೆ ಗಂಟುಬಿದ್ದಿದ್ದರೆ ಏನಾಗುತ್ತಿತ್ತು? 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುತ್ತಿರುವ ಕ್ಷೀಣ ವಿಕಿರಣವನ್ನು ಪ್ರಕಟಿಸಿದರು. ಆದಿಕಾಲದ ಕಾವಿನ ಉಳಿಕೆ ಅದು. ಇಂದು ತಣ್ಣಗಾಗಿ ಸೊನ್ನೆಗಿಂತ 270 ಡಿಗ್ರಿ ಸೆಲ್ಸಿಯಸ್ ಕೆಳಗಿದೆ. ಅದರೊಂದಿಗೆ ಹಾಯ್ಲ್ ಅವರ ಸಿದ್ಧಾಂತ ನೆಲ ಕಳೆದುಕೊಂಡಿತು. ಲಮೇತ್ರ್ 1966ರಲ್ಲಿ ತೀರಿಕೊಂಡರು. ಈ ಸುದ್ದಿ ಸಾಯುವ ಮೊದಲು ಅವರ ಕಿವಿಗೆ ಬಿದ್ದಿತ್ತು.

ಇದು ಪರದೇಶದ ಕಥೆಯಾಯಿತು. ನಮ್ಮ ದೇಶದ್ದೂ ಒಂದಿದೆ. ಮೇಘನಾದ ಸಾಹಾ ಅವರ ಹೆಸರನ್ನು ವಿದ್ಯಾರ್ಥಿಗಳು ಕೇಳಿರುತ್ತೀರಿ. 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯೊಂದರ ಸಣ್ಣ ಅಂಗಡಿಕಾರನ ಮನೆಯಲ್ಲಿ ಹುಟ್ಟಿದವರು. ‘ಕೆಳಜಾತಿ’ ಎಂಬ ಕಾರಣಕ್ಕೆ ಓದುವ ದಿನಗಳಲ್ಲಿ ಸಹಪಾಠಿಗಳಿಂದಲೇ ಅವಮಾನ ಉಂಡವರು. 1920ರಲ್ಲಿ ಅವರು ಕೊಟ್ಟ ಅಯಾನೀಕರಣ ಸಮೀಕರಣದಿಂದ ನಕ್ಷತ್ರದ ಬೆಳಕನ್ನು ಓದಿ ಅದರ ಕಾವು ಎಷ್ಟು, ಅದರಲ್ಲಿ ಏನೇನಿದೆ ಎಂದು ಹೇಳುವುದು ಸಾಧ್ಯವಾಯಿತು. ಆ ಸಮೀಕರಣವನ್ನು ಬಳಸಿಯೇ 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ, ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕ ಎಂಬ ಲೆಕ್ಕ ಕೊಟ್ಟಳು.

ಸಾಹಾ ಒಮ್ಮೆ ತಮ್ಮೂರ ಕಡೆಯ ಹಿರಿಯ ವಕೀಲರೊಬ್ಬರಿಗೆ ಈ ಕೆಲಸವನ್ನು ಉತ್ಸಾಹದಿಂದ ವಿವರಿಸಿದರಂತೆ. ಅವರು ಕೇಳಿ, ಇದರಲ್ಲಿ ಹೊಸದೇನಿದೆ, ಇದೆಲ್ಲ ನಮ್ಮ ವೇದದಲ್ಲೇ ಇದೆ ಎಂದುಬಿಟ್ಟರು. ಯಾವ ಭಾಗದಲ್ಲಿದೆ ಎಂದು ಸಾಹಾ ವಿನಯದಿಂದಲೇ ಕೇಳಿದರೆ, ತಾವು ವೇದ ಓದಿಲ್ಲವೆಂದೂ ಆದರೂ ಅಲ್ಲಿ ಇದ್ದೇ ಇರುತ್ತದೆಂದೂ ಆ ಹಿರಿಯರು ಹೇಳಿದರು. ಇದನ್ನು ಸಾಹಾ ಅವರೇ ಬರೆದಿದ್ದಾರೆ. ನಾವು ಈ ಕಥೆ ಕೇಳಿ ನಗುತ್ತೇವೆ. ಶರಣ ಬಂಧುಗಳೇ, ನಗುವ ಮುನ್ನ ಒಂದು ಕ್ಷಣ ನಿಲ್ಲೋಣ. ‘ಎಲ್ಲವೂ ವೇದದಲ್ಲಿದೆ’ ಎಂದಾಗ ನಗುವ ನಾವು, ‘ಎಲ್ಲವೂ ವಚನದಲ್ಲಿದೆ’ ಎಂದಾಗ ಏಕೆ ತಲೆದೂಗುತ್ತೇವೆ? ಲಿಂಗದ ಆಕಾರವೇ ಗೆಲಾಕ್ಸಿಯ ಆಕಾರ, ಷಟ್‌ಸ್ಥಲವೇ ಆರು ಬಗೆಯ ಕ್ವಾರ್ಕು, ಬಯಲೇ ಕ್ವಾಂಟಮ್ ನಿರ್ವಾತ ಎನ್ನುವ ಭಾಷಣಗಳು ನಮ್ಮಲ್ಲೂ ನಡೆಯುತ್ತಿವೆ. ಪುಸ್ತಕದ ಹೆಸರು ಬದಲಾಯಿತೇ ಹೊರತು ಆ ವಕೀಲರ ಗುಣ ಬದಲಾಗಲಿಲ್ಲ.

ಈಗ ಕ್ವಾಂಟಮ್ ವಿಜ್ಞಾನಕ್ಕೆ ಬರೋಣ. ಅರಿವಿನ ಮಾತು ಹೆಚ್ಚಾಗಿ ಬರುವುದು ಇಲ್ಲೇ.

ಒಂದು ತೆಳುವಾದ ತಡೆಯಲ್ಲಿ ಎರಡು ಸಣ್ಣ ಸೀಳುಗಳಿವೆ ಎಂದುಕೊಳ್ಳಿ. ಒಂದು ಕಡೆಯಿಂದ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಳಿಸುತ್ತೇವೆ. ಆಚೆ ಕಡೆಯ ಪರದೆಯ ಮೇಲೆ ಒಂದೊಂದೂ ಒಂದೊಂದು ಚುಕ್ಕೆಯಾಗಿ ಬೀಳುತ್ತದೆ. ಮೊದಲು ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಚೆಲ್ಲಾಪಿಲ್ಲಿ. ಸಾವಿರಾರು ಚುಕ್ಕೆ ಸೇರಿದ ಮೇಲೆ ನೋಡಿದರೆ, ನೀರಿನ ಅಲೆಗಳು ಒಂದರೊಡನೊಂದು ಕೂಡಿದಾಗ ಆಗುವಂಥ ಪಟ್ಟಿ ಪಟ್ಟಿ ವಿನ್ಯಾಸ ಮೂಡಿರುತ್ತದೆ. ಒಂದೇ ಎಲೆಕ್ಟ್ರಾನು ಎರಡೂ ಸೀಳಿನ ವಿಷಯ ತಿಳಿದಂತೆ ನಡೆದುಕೊಳ್ಳುತ್ತದೆ. 1989ರಲ್ಲಿ ಜಪಾನಿನ ಅಕಿರಾ ಟೊನೊಮುರ ಮತ್ತು ಸಂಗಡಿಗರು ಇದನ್ನು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿದರು. ಆದರೆ ಯಾವ ಸೀಳಿನಿಂದ ಹೋಯಿತು ಎಂದು ಪತ್ತೆ ಮಾಡುವ ಉಪಕರಣ ಇಟ್ಟರೆ ಆ ಪಟ್ಟಿಗಳು ಮಾಯವಾಗುತ್ತವೆ.

ಇದರಿಂದ ಒಂದು ದೊಡ್ಡ ಮಾತು ಹುಟ್ಟಿಕೊಂಡಿದೆ: ‘ಮನುಷ್ಯ ನೋಡಿದರೆ ಜಗತ್ತು ಬದಲಾಗುತ್ತದೆ, ಮನಸ್ಸೇ ಜಗತ್ತನ್ನು ಸೃಷ್ಟಿಸುತ್ತದೆ, ಇದನ್ನು ವಿಜ್ಞಾನ ಸಾಬೀತು ಮಾಡಿದೆ’ ಎಂದು. ಇಲ್ಲಿ ‘ನೋಡುವುದು’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಭೌತವಿಜ್ಞಾನದಲ್ಲಿ ವೀಕ್ಷಣೆ ಎಂದರೆ ಆ ಕಣ ಇನ್ನೊಂದು ವಸ್ತುವಿನೊಡನೆ ಸಂಪರ್ಕಕ್ಕೆ ಬಂದು ಅಲ್ಲಿ ತನ್ನ ಗುರುತು ಬಿಡುವುದು. ಪತ್ತೆ ಉಪಕರಣವನ್ನು ಓದಲು ಕೋಣೆಯಲ್ಲಿ ಒಬ್ಬನೂ ಇಲ್ಲದಿದ್ದರೂ ಪಟ್ಟಿಗಳು ಮಾಯವಾಗುತ್ತವೆ. ಲಾಲ್‌ಬಾಗಿನ ಬಂಡೆಯಂಥ ಹಳೆಯ ಬಂಡೆಗಳನ್ನೇ ತೆಗೆದುಕೊಳ್ಳಿ. ಬಂಡೆಯೊಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುವ ಲೆಕ್ಕ ಹಿಡಿದು ಅಂಥವುಗಳ ವಯಸ್ಸು ಹೇಳುತ್ತಾರೆ. ಯುರೇನಿಯಂ ಒಡೆಯುವುದು ಅಪ್ಪಟ ಕ್ವಾಂಟಮ್ ಕ್ರಿಯೆ. ನೋಡುವ ಒಂದು ಕಣ್ಣೂ ಭೂಮಿಯ ಮೇಲೆ ಇಲ್ಲದಿದ್ದ ಕೋಟಿ ಕೋಟಿ ವರ್ಷ ಅದು ತನ್ನ ಪಾಡಿಗೆ ನಡೆದು, ತನ್ನ ದಾಖಲೆಯನ್ನು ಕಲ್ಲಿನಲ್ಲಿ ಉಳಿಸಿದೆ.

ಹಾಗಂತ ಮನಸ್ಸಿನ ಮಾತನ್ನು ದೊಡ್ಡ ವಿಜ್ಞಾನಿಗಳು ಎತ್ತಿಯೇ ಇಲ್ಲವೆಂದಲ್ಲ. ಯುಜೀನ್ ವಿಗ್ನರ್ ಎಂಬ ಮಹಾ ವಿಜ್ಞಾನಿ, 1963ರಲ್ಲಿ ನೊಬೆಲ್ ಪಡೆದವರು, ಅದಕ್ಕೆ ಎರಡು ವರ್ಷ ಮೊದಲು ಒಂದು ಲೇಖನ ಬರೆದು, ಕ್ವಾಂಟಮ್ ಅಳತೆಯಲ್ಲಿ ಪ್ರಜ್ಞೆಗೆ ಪಾತ್ರವಿದೆ ಎಂದು ವಾದಿಸಿದರು. ಆ ಲೇಖನವನ್ನು ಇಂದಿಗೂ ಉಪನ್ಯಾಸಕಾರರು ಉದಾಹರಿಸುತ್ತಾರೆ. ಮುಂದೆ ಏನಾಯಿತೆಂದು ಮಾತ್ರ ಹೇಳುವುದಿಲ್ಲ. ಸುತ್ತಲಿನ ಗಾಳಿ, ಬೆಳಕು, ಧೂಳಿನ ಸಂಪರ್ಕದಿಂದಲೇ ದೊಡ್ಡ ವಸ್ತುಗಳ ಕ್ವಾಂಟಮ್ ವರ್ತನೆ ಮರೆಯಾಗುತ್ತದೆ ಎಂದು 1970ರಲ್ಲಿ ಜರ್ಮನಿಯ ಡೀಟರ್ ಝೇ ತೋರಿಸಿದರು. ಅದನ್ನು ತೂಗಿ ನೋಡಿದ ವಿಗ್ನರ್ ಕಡೆಗಾಲದಲ್ಲಿ ತಮ್ಮ ಹಳೆಯ ವಾದವನ್ನು ತಾವೇ ಕೈಬಿಟ್ಟರು. ಅಳತೆಯ ಸಮಸ್ಯೆ ಅಲ್ಲಿಗೆ ಪೂರ್ತಿ ಬಗೆಹರಿಯಿತೆಂದಲ್ಲ. ಅದರ ಅರ್ಥವೇನೆಂಬ ಬಗ್ಗೆ ಭೌತವಿಜ್ಞಾನಿಗಳಲ್ಲೇ ಇಂದಿಗೂ ನಾಲ್ಕಾರು ಪಕ್ಷಗಳಿವೆ. ತೀರ್ಮಾನವಾಗದ ವ್ಯಾಜ್ಯದಲ್ಲಿ ಒಂದು ಕಡೆಯವರನ್ನು ಹಿಡಿದು, ‘ಕೋರ್ಟು ನಮ್ಮ ಪರವಾಗಿ ತೀರ್ಪು ಕೊಟ್ಟಿದೆ’ ಎಂದು ಡಂಗುರ ಹೊಡೆಸಬಾರದು, ಅಷ್ಟೆ.

ಇನ್ನೊಂದು ಅದ್ಭುತವಿದೆ. ಒಟ್ಟಿಗೆ ಹುಟ್ಟಿದ ಎರಡು ಕಣಗಳನ್ನು ಎಷ್ಟೇ ದೂರ ಒಯ್ದರೂ ಅವುಗಳ ಅಳತೆಗಳ ನಡುವೆ ಗಾಢವಾದ ಹೊಂದಾಣಿಕೆ ಉಳಿಯುತ್ತದೆ. ಇದನ್ನು 1935ರಲ್ಲಿ ಐನ್‌ಸ್ಟೈನರು ಕ್ವಾಂಟಮ್ ಸಿದ್ಧಾಂತದ ಕೊರತೆಯನ್ನು ತೋರಿಸಲೆಂದು ಎತ್ತಿದರು. 1964ರಲ್ಲಿ ಜಾನ್ ಬೆಲ್ ಇದನ್ನು ಪ್ರಯೋಗದಿಂದ ಪರೀಕ್ಷಿಸುವ ದಾರಿ ತೋರಿಸಿದರು. ಪ್ರಯೋಗ ಮಾಡಿದ ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೆ 2022ರ ನೊಬೆಲ್ ಬಂತು. ಪ್ರಯೋಗ ಐನ್‌ಸ್ಟೈನರ ನಿರೀಕ್ಷೆಯ ವಿರುದ್ಧ ಹೋಯಿತು. ಇದು ನಿಜವಾದ ಬೆರಗು. ಆದರೆ ಈ ಹೊಂದಾಣಿಕೆಯನ್ನು ಬಳಸಿ ಒಂದು ಅಕ್ಷರದ ಸುದ್ದಿಯನ್ನೂ ದೂರಕ್ಕೆ ಕಳಿಸಲಾಗದು ಎಂಬುದೂ ಅದೇ ಸಿದ್ಧಾಂತದ ಫಲ. ಹಾಗಿರುವಾಗ, ಇಲ್ಲಿ ಕುಳಿತು ಸಂಕಲ್ಪ ಮಾಡಿದರೆ ಅಲ್ಲಿ ರೋಗ ವಾಸಿಯಾಗುತ್ತದೆ ಎನ್ನುವವರಿಗೆ ಈ ವಿಜ್ಞಾನದಿಂದ ಯಾವ ಆಧಾರವೂ ಸಿಗುವುದಿಲ್ಲ.

ಬಯಲಿನ ಮಾತೂ ಹೀಗೆಯೇ. ಭೌತವಿಜ್ಞಾನದ ನಿರ್ವಾತ ಬರಿದಲ್ಲ. ಅಲ್ಲಿ ಕ್ಷೇತ್ರಗಳಿವೆ, ಶಕ್ತಿಯ ಏರಿಳಿತವಿದೆ. ಎರಡು ಲೋಹದ ಫಲಕಗಳನ್ನು ಅತಿ ಹತ್ತಿರ ಇಟ್ಟರೆ ಅವುಗಳ ನಡುವೆ ಒಂದು ಸಣ್ಣ ಸೆಳೆತ ಹುಟ್ಟುತ್ತದೆ ಎಂದು 1948ರಲ್ಲಿ ಕ್ಯಾಸಿಮಿರ್ ಹೇಳಿದರು. 1997ರಲ್ಲಿ ಅದನ್ನು ನಿಖರವಾಗಿ ಅಳೆದರು. ಅಲ್ಲಮಪ್ರಭುಗಳ ಬಯಲನ್ನು ಯಾವ ಫಲಕದಿಂದ ಅಳೆಯುತ್ತೀರಿ? ‘ನಾನು’ ಎಂಬುದು ಕರಗಿ, ನಾನು–ನೀನು ಎಂಬ ಎರಡೂ ಇಲ್ಲವಾಗುವ ನಿಲುವು ಅದು. ಅದು ಸಾಧನೆಯ ಮಾತು, ಪದಾರ್ಥದ ಮಾತಲ್ಲ. ಬಯಲನ್ನು ನಿರ್ವಾತಕ್ಕೆ ಹೋಲಿಸಿದರೆ ಪ್ರಭುಗಳನ್ನು ಎತ್ತರಕ್ಕೆ ಏರಿಸಿದಂತೆ ಆಗುವುದಿಲ್ಲ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳದೆ ಹೋದಂತಾಗುತ್ತದೆ.

“ಇರಲಿ ಬಿಡಿ ಸರ್, ಇದರಿಂದ ಯಾರಿಗೇನು ನಷ್ಟ?” ಎಂದು ತಾವು ಕೇಳಬಹುದು. ನಷ್ಟವಿದೆ. ನಮ್ಮ ಕಡೆಯ ಹಳ್ಳಿಯೊಂದರಲ್ಲಿ ಸಕ್ಕರೆ ಕಾಯಿಲೆಯ ತಾಯಿಯೊಬ್ಬರು ‘ಕ್ವಾಂಟಮ್ ಶಕ್ತಿಯ ಪದಕ’ ಎಂದು ಸಾವಿರಾರು ರೂಪಾಯಿ ಕೊಟ್ಟು ಕೊಂಡು, ಕೊರಳಿಗೆ ಕಟ್ಟಿಕೊಂಡು, ಮಾತ್ರೆ ಬಿಟ್ಟಿದ್ದರು. ಕಾಲಿನ ಹುಣ್ಣು ಮಾಯದೆ ಕೊನೆಗೆ ಬೆರಳು ತೆಗೆಸಬೇಕಾಯಿತು. ಇಂಥ ಪದಕಗಳು ಎಲ್ಲ ದೇಶದಲ್ಲೂ ಮಾರಾಟವಾಗುತ್ತಿವೆ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್ ದೇಶದ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಪದಕ, ಬಳೆ ಮುಂತಾದ 10 ವಸ್ತುಗಳನ್ನು ಪರೀಕ್ಷಿಸಿತು. ಅವುಗಳಿಂದ ಹಾನಿಕರ ವಿಕಿರಣ ಹೊಮ್ಮುತ್ತಿದೆ, ಯಾರೂ ಧರಿಸಬೇಡಿ ಎಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಕೊರಳಲ್ಲಿ ಇಷ್ಟಲಿಂಗ ಇರುವ ತಾಯಿ ಅದರ ಪಕ್ಕದಲ್ಲಿ ಈ ಪದಕವನ್ನೂ ಕಟ್ಟಿಕೊಳ್ಳುವಂತೆ ಮಾಡಿದ್ದು ಯಾವುದು? ‘ವಿಜ್ಞಾನವೂ ಇದನ್ನೇ ಹೇಳುತ್ತದೆ’ ಎಂಬ ಮಾತು. ಆ ಮಾತಿಗೆ ಮರ್ಯಾದೆ ತಂದುಕೊಟ್ಟದ್ದು ಯಾವುದು? ನಮ್ಮಂಥ ವೇದಿಕೆಗಳ ಭಾಷಣಗಳು. ಮಾಟ, ಮಂತ್ರ, ಶಕುನಗಳನ್ನು ಶರಣರು ಬಾಗಿಲಿನಿಂದ ಆಚೆ ಹಾಕಿದರು. ನಾವು ಅವಕ್ಕೆ ವಿಜ್ಞಾನದ ಅಂಗಿ ತೊಡಿಸಿ ಕಿಟಕಿಯಿಂದ ಒಳಗೆ ಕರೆಯಬಾರದು.

ಹಾಗಾದರೆ ಅರಿವಿನ ಬಗ್ಗೆ ವಿಜ್ಞಾನಕ್ಕೆ ಹೇಳಲು ಏನೂ ಇಲ್ಲವೇ? ಇದೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಯಾವ ಭಾಗಕ್ಕೆ ಪೆಟ್ಟಾದರೆ ಮಾತು ಹೋಗುತ್ತದೆ, ಯಾವ ಭಾಗಕ್ಕೆ ಪೆಟ್ಟಾದರೆ ಮುಖದ ಗುರುತು ಹೋಗುತ್ತದೆ ಎಂದು ವೈದ್ಯರು ಬಲ್ಲರು. ಅರಿವಳಿಕೆ ಮದ್ದು ಕೊಟ್ಟು ಪ್ರಜ್ಞೆಯನ್ನು ತೆಗೆಯಬಲ್ಲರು, ತಿರುಗಿ ತರಬಲ್ಲರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮಲ್ಲಿಗೆಯ ವಾಸನೆ ಮೂಗಿಗೆ ತಾಗಿ, ನರದಲ್ಲಿ ಹರಿದು, ಮಿದುಳಿನಲ್ಲಿ ವಿದ್ಯುತ್ ಸಂಚಾರವಾಯಿತು, ಸರಿ. ಆ ಸಂಚಾರ ‘ಆಹಾ’ ಎಂಬ ಅನುಭವ ಏಕಾಯಿತು? ಒಳಗಿನಿಂದ ಹಾಗೆ ಅನ್ನಿಸುವುದು ಏಕೆ? ಇದನ್ನು 1995ರಲ್ಲಿ ಡೇವಿಡ್ ಚಾಮರ್ಸ್ ಎಂಬ ತತ್ತ್ವಶಾಸ್ತ್ರಜ್ಞ ಪ್ರಜ್ಞೆಯ ‘ಕಠಿಣ ಸಮಸ್ಯೆ’ ಎಂದು ಕರೆದರು. 1998ರಲ್ಲಿ ಕ್ರಿಸ್ಟೋಫ್ ಕಾಕ್ ಎಂಬ ನರವಿಜ್ಞಾನಿ, ಪ್ರಜ್ಞೆಗೆ ಕಾರಣವಾದ ನರಗಳ ಕ್ರಿಯೆಯನ್ನು ಇನ್ನು 25 ವರ್ಷದಲ್ಲಿ ಸ್ಪಷ್ಟವಾಗಿ ಗುರುತಿಸುತ್ತೇವೆ ಎಂದು ಚಾಮರ್ಸ್ ಜೊತೆ ಪಂದ್ಯ ಕಟ್ಟಿದರು. 2023ರಲ್ಲಿ ಅವಧಿ ಮುಗಿಯಿತು. ಕಾಕ್ ಸಭೆಯ ಎದುರು ನಗುತ್ತಲೇ ಸೋಲೊಪ್ಪಿ ಪಣ ತೆತ್ತರು. ಸೋಲು ಒಪ್ಪುವುದರಲ್ಲಿ ಎಷ್ಟು ಚೆಲುವಿದೆ ನೋಡಿ!

ಕ್ವಾಂಟಮ್ ವಿಜ್ಞಾನದ ಜನಕರಲ್ಲಿ ಒಬ್ಬರಾದ ಶ್ರೋಡಿಂಗರ್ ಇದರ ಬಗ್ಗೆ ಬಹಳ ಯೋಚಿಸಿದ್ದರು. ಅವರಿಗೆ ವೇದಾಂತದಲ್ಲೂ ಆಸಕ್ತಿಯಿತ್ತು. ಅವರ ಒಂದು ವಿಚಾರದ ಸಾರ ಹೀಗಿದೆ: ವಿಜ್ಞಾನ ಜಗತ್ತಿನ ಚಿತ್ರ ಬಿಡಿಸುವಾಗ, ಚಿತ್ರ ಶುದ್ಧವಾಗಿರಲೆಂದು, ನೋಡುವ ‘ನನ್ನನ್ನು’ ಮೊದಲೇ ಹೊರಗಿಡುತ್ತದೆ. ಅದರಿಂದಲೇ ವಿಜ್ಞಾನಕ್ಕೆ ಅಷ್ಟು ಬಲ ಬಂದಿದೆ. ಆಮೇಲೆ ಆ ಚಿತ್ರದಲ್ಲಿ ನನ್ನನ್ನೇ ಹುಡುಕಿದರೆ ನಾನು ಸಿಗುವುದಿಲ್ಲ. ಫೋಟೋ ತೆಗೆದವನು ಫೋಟೋದಲ್ಲಿ ಇರುವುದಿಲ್ಲ; ಅದಕ್ಕೆ ಕ್ಯಾಮೆರಾವನ್ನು ದೂರಿ ಫಲವಿಲ್ಲ. ತೆಗೆದವನೇ ಇರಲಿಲ್ಲ ಎನ್ನುವುದೂ ಸರಿಯಲ್ಲ.

ಶರಣರ ಕೆಲಸ ಶುರುವಾಗುವುದು ಈ ‘ತೆಗೆದವನ’ ಕಡೆಯಿಂದ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಟವನ್ನು ನಿಲ್ಲಿಸುವುದು ನಕ್ಷತ್ರಗಳ ಸುದ್ದಿ ತಿಳಿಯಲೆಂದಲ್ಲ. ನೋಡುವವನು ಯಾರು, ಅವನೊಳಗೆ ಏನೇನು ಕಸ ತುಂಬಿದೆ ಎಂದು ತಿಳಿಯಲು. ಆ ಅರಿವಿಗೂ ಪರೀಕ್ಷೆ ಇದೆ. ಅದು ದುರ್ಬೀನಿನ ಪರೀಕ್ಷೆಯಲ್ಲ, ಆಚಾರದ ಪರೀಕ್ಷೆ. ಪೂಜೆ ಮುಗಿಸಿ ಎದ್ದವನು ಮನೆಯ ಕೆಲಸದವಳೊಡನೆ ಹೇಗೆ ಮಾತಾಡುತ್ತಾನೆ, ಅಂಗಡಿಯಲ್ಲಿ ತಕ್ಕಡಿ ಹೇಗೆ ಹಿಡಿಯುತ್ತಾನೆ ಎಂಬುದರಲ್ಲಿ ಆ ಪರೀಕ್ಷೆಯ ಫಲಿತಾಂಶ ಗೊತ್ತಾಗುತ್ತದೆ. ಅರಿವು ಆಚಾರದಲ್ಲಿ ಕಾಣದಿದ್ದರೆ ಅದು ಅರಿವಲ್ಲ ಎಂಬುದು ಶರಣ ಧರ್ಮದ ತಿರುಳು. ಇದಕ್ಕೆ ಯಾವ ಪ್ರಯೋಗಾಲಯದ ಸರ್ಟಿಫಿಕೇಟೂ ಬೇಡ.

ಹಾಗಾದರೆ ವಿಜ್ಞಾನಕ್ಕೂ ಶರಣರಿಗೂ ನಂಟೇ ಇಲ್ಲವೇ? ಇದೆ, ಗಟ್ಟಿಯಾಗಿಯೇ ಇದೆ. ಅದು ಕಂಡುಕೊಂಡ ಉತ್ತರಗಳಲ್ಲಿಲ್ಲ, ಕೇಳುವ ರೀತಿಯಲ್ಲಿದೆ. ಅನುಭವ ಮಂಟಪದಲ್ಲಿ ಯಾರೇ ಬಂದರೂ ಪ್ರಶ್ನೆ ಎದುರಿಸಬೇಕಿತ್ತು. ಅಕ್ಕಮಹಾದೇವಿಯನ್ನೂ ಅಲ್ಲಮರು ಪ್ರಶ್ನಿಸಿದರು. ಅವಳೂ ಸರಿಸಮಳಾಗಿ ಉತ್ತರಿಸಿದಳು. ಹಿಂದಿನವರು ಹೇಳಿದ್ದಾರೆ ಎಂಬುದೊಂದೇ ಅಲ್ಲಿ ಆಧಾರವಾಗಲಿಲ್ಲ. ಮಡಿವಾಳ, ಅಂಬಿಗ, ಸಮಗಾರ, ಸೂಳೆಯ ವೃತ್ತಿ ಬಿಟ್ಟು ಬಂದ ಹೆಣ್ಣುಮಗಳು, ಯಾರ ಅನುಭವವಾದರೂ ಸಾಕ್ಷಿಯೇ. ಆಡಿದ್ದು ಜನ ಆಡುವ ಕನ್ನಡದಲ್ಲಿ. ಹೇಳಿದವರ ಸ್ಥಾನ ನೋಡದೆ ಹೇಳಿದ್ದನ್ನು ಪರೀಕ್ಷಿಸುವುದು, ತಿಳಿದದ್ದನ್ನು ಎಲ್ಲರಿಗೂ ಹಂಚುವುದು, ಇವೇ ಅಲ್ಲವೇ ವಿಜ್ಞಾನದ ನಡೆಯೂ? ಬೆಲ್ಲರ ಪರೀಕ್ಷೆಯ ಎದುರು ಐನ್‌ಸ್ಟೈನರ ಹೆಸರೂ ಲೆಕ್ಕಕ್ಕೆ ಬರಲಿಲ್ಲ. ಶರಣರಿಗೆ ನಿಜವಾದ ಗೌರವ ಕೊಡಬೇಕೆಂದರೆ ಅವರ ಮಾತನ್ನೂ ಹೀಗೆಯೇ ಪ್ರಶ್ನೆ ಮಾಡಿ ಅರಿಯಬೇಕು.

ಕೊನೆಯದಾಗಿ ಒಂದು ಮಾತು: ಈ ವಿಶ್ವಕ್ಕೆ ಏನಾದರೂ ಅರ್ಥವಿದೆಯೇ? 1380 ಕೋಟಿ ವರ್ಷ, ಒಂದೊಂದು ಗೆಲಾಕ್ಸಿಯಲ್ಲಿ ಸಾವಿರಾರು ಕೋಟಿ ನಕ್ಷತ್ರ. ನಾವು ಬಲ್ಲ ಪದಾರ್ಥವೆಲ್ಲ ಸೇರಿದರೂ ವಿಶ್ವದ ನೂರಕ್ಕೆ 5 ಪಾಲು. ಉಳಿದದ್ದಕ್ಕೆ ಕಪ್ಪು ದ್ರವ್ಯ, ಕಪ್ಪು ಶಕ್ತಿ ಎಂದು ಹೆಸರಿಟ್ಟಿದ್ದಾರೆ, ಸ್ವರೂಪ ಇನ್ನೂ ತಿಳಿದಿಲ್ಲ. ಇದರೊಳಗೆ ನಮ್ಮ ಬಾಳಿಗೆ ಏನು ಬೆಲೆ ಎಂದು ಕೆಲವರು ನಿರಾಶರಾಗುತ್ತಾರೆ. ವಿಶ್ವದ ಮೇಲೆ ಎಲ್ಲೋ ಅರ್ಥವೊಂದನ್ನು ಬರೆದು ಅಂಟಿಸಿರುತ್ತದೆ, ದುರ್ಬೀನಿನಿಂದ ಅದನ್ನು ಓದಬಹುದು ಎಂದುಕೊಂಡವರಿಗೆ ಈ ನಿರಾಶೆ ತಪ್ಪದು. ಶರಣರು ಅರ್ಥವನ್ನು ಅಲ್ಲಿ ಹುಡುಕಲಿಲ್ಲ. ಕಾಯಕದಲ್ಲಿ, ದಾಸೋಹದಲ್ಲಿ, ಎದುರಿಗೆ ಬಂದ ಮನುಷ್ಯನಲ್ಲಿ ಕಂಡರು. ಆ ಅರ್ಥ ವಿಶ್ವ ಎಷ್ಟೇ ದೊಡ್ಡದಾದರೂ ಸಣ್ಣದಾಗುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮೈಯಲ್ಲಿರುವ ಜಲಜನಕ ವಿಶ್ವದ ಮೊದಲ ನಿಮಿಷಗಳಷ್ಟು ಹಳೆಯದು. ಮೂಳೆಯ ಸುಣ್ಣ, ರಕ್ತದ ಕಬ್ಬಿಣ, ಉಸಿರಿನ ಆಮ್ಲಜನಕ, ಇವೆಲ್ಲ ಎಂದೋ ಉರಿದು ಮುಗಿದ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. ಇದು 1957ರ ಹೊತ್ತಿಗೆ ವಿಜ್ಞಾನಿಗಳು ಪಟ್ಟಿ ಹಾಕಿ ತೋರಿಸಿದ ವಿಷಯ. ಆ ಕಬ್ಬಿಣಕ್ಕೆ ಜಾತಿ ಇಲ್ಲ. ಆದರೆ ಇಲ್ಲೂ ಎಚ್ಚರವಿರಲಿ: ಕಬ್ಬಿಣಕ್ಕೆ ಜಾತಿ ಇಲ್ಲವೆಂಬುದರಿಂದಲೇ ಮನುಷ್ಯರು ಸಮಾನರೆಂದು ಸಾಬೀತಾಗುವುದಿಲ್ಲ. ಕಲ್ಲಿನಲ್ಲೂ ಅದೇ ಕಬ್ಬಿಣವಿದೆ. ಸಮಾನತೆ ಮನುಷ್ಯರು ಅರಿವಿನಿಂದ ಕೈಗೊಳ್ಳುವ ನಿರ್ಧಾರ. ಪರಮಾಣುವಿನ ಲೆಕ್ಕ ಗೊತ್ತಿಲ್ಲದೆಯೇ ಕಲ್ಯಾಣದ ಶರಣರು ಆ ನಿರ್ಧಾರ ಮಾಡಿದರು. ಹರಳಯ್ಯ, ಮಧುವರಸರು ತಮ್ಮ ಮಕ್ಕಳ ಮದುವೆಯ ಮೂಲಕ ಅದನ್ನು ನಡೆಸಿ ತೋರಿಸಿ, ಅದಕ್ಕೆ ಪ್ರಾಣವನ್ನೇ ತೆತ್ತರು. ಪರಮಾಣುವಿನ ಲೆಕ್ಕವೆಲ್ಲ ಗೊತ್ತಿರುವ ನಾವು, ಮಗಳಿಗೆ ಗಂಡು ನೋಡುವಾಗ ಒಳಪಂಗಡ ಕೇಳುತ್ತೇವೆ. ಜಾತಕ ಹೊಂದಿಸಲು ಮೊಬೈಲಿನಲ್ಲಿ ಗ್ರಹಗತಿ ನೋಡುತ್ತೇವೆ. ಶರಣರು ವಿಜ್ಞಾನಕ್ಕಿಂತ ಮುಂದಿದ್ದರೇ ಹಿಂದಿದ್ದರೇ ಎಂಬ ಚರ್ಚೆ ಆಮೇಲೆ ಆಗಲಿ. ನಾವು ಶರಣರಿಗಿಂತ ಎಷ್ಟು ಹಿಂದಿದ್ದೇವೆ ಎಂಬುದನ್ನು ಮೊದಲು ನೋಡಿಕೊಳ್ಳೋಣ.

ಪೂಜ್ಯರಲ್ಲಿ, ಸಮಾಜದ ಹಿರಿಯರಲ್ಲಿ ನನ್ನದು ಎರಡೇ ಬಿನ್ನಹ. ನಮ್ಮ ಮಠಗಳ ಶಾಲೆ, ಪ್ರಸಾದ ನಿಲಯಗಳಲ್ಲಿ ಒಂದೊಂದು ಸಣ್ಣ ದೂರದರ್ಶಕ ಇರಲಿ. ತಿಂಗಳಿಗೊಮ್ಮೆ ಮಕ್ಕಳು ಗುರುವಿನ ಉಪಗ್ರಹಗಳನ್ನೂ ಶನಿಯ ಬಳೆಯನ್ನೂ ತಮ್ಮ ಕಣ್ಣಾರೆ ನೋಡಲಿ. ಶನಿಯನ್ನು ಕಣ್ಣಾರೆ ಕಂಡ ಮಗುವನ್ನು ಶನಿಕಾಟದ ಹೆಸರಿನಲ್ಲಿ ಹೆದರಿಸುವುದು ಸುಲಭವಲ್ಲ. ಎರಡನೆಯದು, ವಿಜ್ಞಾನ ವಚನಗಳನ್ನು ಸಮರ್ಥಿಸುತ್ತದೆ ಎಂಬ ಭಾಷಣಗಳ ಬದಲು, ಇಂಥ ಗೋಷ್ಠಿಗಳಲ್ಲಿ ವಿಜ್ಞಾನವನ್ನು ವಿಜ್ಞಾನವಾಗಿ, ವಚನವನ್ನು ವಚನವಾಗಿ, ಎರಡನ್ನೂ ತಿಳಿಗನ್ನಡದಲ್ಲಿ ಕಲಿಸುವ ಏರ್ಪಾಡಾಗಲಿ. ಕೇಳುವವರು ಎದ್ದು ನಿಂತು ಪ್ರಶ್ನೆ ಹಾಕಲು ಅರ್ಧ ಗಂಟೆ ಮೀಸಲಿರಲಿ. ಇವತ್ತೂ ಅಷ್ಟು ಹೊತ್ತು ಉಳಿಸಿದ್ದೇನೆ. ಪ್ರಶ್ನೆಗಳು ತಾಯಂದಿರಿಂದ ಮತ್ತು ಮಕ್ಕಳಿಂದ ಮೊದಲು ಬರಲಿ.